ನೀಲಿ ಹಾಕಿದ ಪಂಚೆ

ಭದ್ರಾವತಿಯಲ್ಲಿ ಹೆಣ್ಣುಮಕ್ಕಳಿದ್ದ ಮನೆಯವರಿಗೆಲ್ಲ ಜಯಶೀಲಾಳ ಸ್ಟುಡಿಯೋ ಗೊತ್ತಿತ್ತು. ಗಂಡಿನ ಕಡೆಯವರು ಫೋಟೋ ಕೇಳಿದರೆಂದರೆ ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಹಳೇ ಸೇತುವೆ ಪಕ್ಕದ ಆ ಮೆಟ್ಟಿಲು ಹತ್ತಿಸುವುದು ವಾಡಿಕೆ. ಹಾಗೆ ಅವಳ ಕ್ಯಾಮೆರಾ ಮುಂದೆ ಕೂತು ಎದ್ದವರೆಲ್ಲ ಒಬ್ಬೊಬ್ಬರಾಗಿ ಗಂಡನ ಮನೆ ಸೇರಿದರು. ಆಮೇಲೆ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದೇ ಮೆಟ್ಟಿಲು ಹತ್ತಿ ಬಂದರು. ಜಯಶೀಲಾ ಮಾತ್ರ ಕ್ಯಾಮೆರಾದ ಈಚೆ ಬದಿಯಲ್ಲೇ ಉಳಿದಳು. ನೋಡನೋಡುತ್ತ ವಯಸ್ಸು ನಲವತ್ತೈದಾಯಿತು.

ಸ್ಟುಡಿಯೋ ಅಪ್ಪ ಷಡಕ್ಷರಪ್ಪ ಕಟ್ಟಿದ್ದು. ಮುಂದೆ ಸ್ಟುಡಿಯೋ, ಹಿಂದೆ ಎರಡು ಕೋಣೆಯ ಮನೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಅಮ್ಮ ಅದಕ್ಕೂ ಮುಂಚೆ. ಕಾರ್ಖಾನೆಯ ಸೈರನ್ ಕೇಳಿ ಏಳುವುದು, ಒಂದು ಲೋಟ ಅಕ್ಕಿ ತೊಳೆದಿಡುವುದು, ಸ್ಟುಡಿಯೋ ಬಾಗಿಲು ತೆಗೆಯುವುದು. ದಿನವಿಡೀ ಅವಳ ಬಾಯಿಂದ ಬರುತ್ತಿದ್ದ ಮಾತೆಂದರೆ ‘ಗಲ್ಲ ಸ್ವಲ್ಪ ಎತ್ತಿ’, ‘ಭುಜ ಸಡಿಲ ಬಿಡಿ’, ‘ಇಲ್ಲಿ, ನನ್ನ ಕಡೆ ನೋಡಿ’. ನನ್ನ ಕಡೆ ನೋಡಿ ಎಂದು ಅಷ್ಟು ಜನರಿಗೆ ಹೇಳಿದರೂ ಅವಳ ಕಡೆ ನೋಡಿದವರು ಯಾರೂ ಇರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಕ್ಯಾಮೆರಾವನ್ನು.

ಊರಿಗೆ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅವಳೂ ಒಂದನ್ನು ತಂದಳು. ರೀಲಿನ ಕಾಲದಲ್ಲಿ ಬಣ್ಣದ ತಲೆನೋವೆಲ್ಲ ಲ್ಯಾಬಿನವರದು. ಈಗ ಅದು ಅವಳ ಕೊರಳಿಗೇ ಬಿತ್ತು. ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದರೆ ಜನರ ಮುಖಕ್ಕೆ ಪಾಚಿ ಹಿಡಿದಂತೆ ಹಸಿರು, ಬಲ್ಬು ಹಾಕಿದರೆ ಕುಂಬಳಕಾಯಿ ಬಣ್ಣ. ಇದಕ್ಕೆ ಕ್ಯಾಮೆರಾದೊಳಗೇ ಒಂದು ಉಪಾಯವಿತ್ತು. ಜನ ಕೂರುವ ಜಾಗದಲ್ಲಿ, ಅದೇ ಬೆಳಕಿನಲ್ಲಿ, ಒಂದು ಬಿಳಿ ವಸ್ತು ಹಿಡಿದು ಮೊದಲು ಅದರ ಫೋಟೋ ತೆಗೆಯಬೇಕು. ‘ನೋಡು, ಇದು ಬಿಳಿ, ಮಿಕ್ಕ ಬಣ್ಣವನ್ನೆಲ್ಲ ಇದಕ್ಕೆ ತಕ್ಕ ಹಾಗೆ ಸರಿಮಾಡಿಕೋ’ ಎಂದು ಕ್ಯಾಮೆರಾಕ್ಕೆ ಹೇಳಬೇಕು. ಆಮೇಲೆ ಅದು ತೋರಿಸಿದ್ದನ್ನೇ ನಂಬಿಕೊಂಡು ನಡೆಯುತ್ತದೆ.

ಅದಕ್ಕೆಂದೇ ಮಾಡಿದ ಹಲಗೆ ಬೆಂಗಳೂರಿನಲ್ಲಿ ಸಿಗುತ್ತದಂತೆ. ಜಯಶೀಲಾ ಮನೆಯಲ್ಲೇ ಹುಡುಕಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಆಗ ಅವಳಿಗೆ ಸರಿಯಾಗಿ ಅರ್ಥವಾಯಿತು. ಇಡ್ಲಿ ಬಟ್ಟೆ ಹಬೆ ಕುಡಿದು ಕುಡಿದು ಒಳಗೊಳಗೇ ಹಳದಿಯಾಗಿತ್ತು. ವನಸ್ಪತಿ ಡಬ್ಬಿಯ ಮುಚ್ಚಳ ಮಿರಿಮಿರಿ ಹೊಳೆದು ಕ್ಯಾಮೆರಾದ ತಲೆ ಕೆಡಿಸಿತು. ಅಪ್ಪನ ಪೂಜೆಯ ಪೆಟ್ಟಿಗೆಯಲ್ಲಿದ್ದ ವಿಭೂತಿ ಗಟ್ಟಿಯನ್ನೂ ಬಿಡಲಿಲ್ಲ. ಬಣ್ಣ ತಕ್ಕಮಟ್ಟಿಗೆ ಸರಿಯಾಗಿಯೇ ಬಂತು, ಆದರೆ ಗಟ್ಟಿ ತೀರಾ ಚಿಕ್ಕದು, ದೇವರ ಮುಂದಿನದನ್ನು ವ್ಯಾಪಾರಕ್ಕೆ ಬಳಸಲು ಮನಸ್ಸೂ ಒಪ್ಪಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅಪ್ಪನ ಹಳೆಯ ಪಂಚೆ. ಷಡಕ್ಷರಪ್ಪ ತನ್ನ ಪಂಚೆಗೆ ಜನ್ಮದಲ್ಲಿ ನೀಲಿ ಹಾಕಿಸಿಕೊಂಡವನಲ್ಲ. ‘ನೀಲಿ ಹಾಕೋದು ಬೆಳ್ಳಗೆ ಕಾಣ್ಲಿ ಅಂತ, ಬೆಳ್ಳಗಾಗ್ಲಿ ಅಂತಲ್ಲ’ ಎನ್ನುತ್ತಿದ್ದ. ಆ ಪಂಚೆಯ ಒಂದು ತುಂಡನ್ನು ಕಸೂತಿ ಹಾಕುವ ಮರದ ರಿಂಗಿಗೆ ಬಿಗಿದು ಗೋಡೆಯ ಮೊಳೆಗೆ ತೂಗುಹಾಕಿದಳು. ಯಾರೇ ಬಂದು ಸ್ಟೂಲಿನ ಮೇಲೆ ಕೂರಲಿ, ಮೊದಲು ಆ ರಿಂಗನ್ನು ಮುಖದ ಮುಂದೆ ಹಿಡಿಸಿ, ಒಂದು ಫೋಟೋ ತೆಗೆದು, ಆಮೇಲೆ ಮುಂದಿನ ಕೆಲಸ.

ಬಣ್ಣದ ಬಗ್ಗೆ ಅವಳಿಗೆ ಅಷ್ಟು ಹಟ ಬಂದದ್ದಕ್ಕೆ ಅಪ್ಪನೇ ಕಾರಣ. ಅವಳಿಗೆ ಮದುವೆಯ ವಯಸ್ಸಾದಾಗ ಅವಳ ಫೋಟೋವನ್ನು ಅವನೇ ತೆಗೆದಿದ್ದ, ಕಪ್ಪು ಬಿಳುಪಿನದು. ಜಯಶೀಲಾ ಕಪ್ಪು, ಅಮ್ಮನ ಕಡೆಯ ಬಣ್ಣ. ಷಡಕ್ಷರಪ್ಪ ಒಂದು ಸಂಜೆಯೆಲ್ಲ ಕೂತು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮಗಳ ಮುಖವನ್ನು ಬೆಳ್ಳಗೆ ಮಾಡಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದಿದ್ದ ಮೇಲೆ ಪೆನ್ಸಿಲ್ ಯಾಕೆ ಬೇಕಿತ್ತೋ ಆ ಮನುಷ್ಯನಿಗೆ. ಗಂಡಿನ ಕಡೆಯವರು ಶಿವಮೊಗ್ಗದಿಂದ ದಂಡುಕಟ್ಟಿಕೊಂಡು ಬಂದರು. ಅವಳು ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಾಗ ಹುಡುಗನ ತಾಯಿ ಚೀಲದಿಂದ ಫೋಟೋ ತೆಗೆದು ಒಮ್ಮೆ ಅದನ್ನು, ಒಮ್ಮೆ ಅವಳನ್ನು ನೋಡಿದಳು. ಕೇಸರಿಬಾತು ತಿಂದು, ಉಪ್ಪಿಟ್ಟು ಚೆನ್ನಾಗಿದೆ ಎಂದು ಹೊಗಳಿ ಹೋದವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಲ್ಲೆ ಎಂದು ಹೇಳುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. ಆಮೇಲೆ ಬೇರೆ ಯಾರಿಗೂ ತೋರಿಸಿಕೊಳ್ಳಲು ಅವಳು ಒಪ್ಪಲಿಲ್ಲ, ತನ್ನದೊಂದು ಫೋಟೋವನ್ನೂ ತೆಗೆಸಿಕೊಳ್ಳಲಿಲ್ಲ.

ಹಾಗಿರುವಾಗ, ಎರಡು ಸಾವಿರದ ಆರನೇ ಇಸವಿಯ ದಸರೆ ಕಳೆದ ಮೇಲೆ, ಶಿವಮೊಗ್ಗ ವಿನೋಬನಗರದ ಚಿಕ್ಕಮ್ಮ ಉಮಾಮಹೇಶ್ವರಿ ಎರಡು ದಿನ ಇದ್ದು ಹೋಗಲು ಬಂದಳು. ಚಿಕ್ಕಮ್ಮ ಸುಮ್ಮನೆ ಬರುವವಳಲ್ಲ, ಸುಮ್ಮನೆ ಕೂರುವವಳೂ ಅಲ್ಲ. ಮನೆಯ ಪರದೆ, ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಎಳೆದು ಹಾಕಿ ಒಗೆಯುತ್ತ, ಒಗೆಯುವ ಕಲ್ಲಿನ ಹತ್ತಿರದಿಂದಲೇ ಮಾತು ತೆಗೆದಳು.

“ನವುಲೆ ಕೃಷಿ ಕಾಲೇಜಲ್ಲಿ ಕೆಲಸ, ರೇಣುಕಾಪ್ರಸಾದ್ ಅಂತ. ನಮ್ಮವರೇ ಕಣೆ. ಹೆಂಡ್ತಿ ಹೋಗಿ ಎರಡು ವರ್ಷ ಆಯ್ತು. ಮಗಳೊಬ್ಳು, ಮದುವೆ ಆಗಿದೆ. ಒಂಟಿ ಜೀವ, ಹೋಟೆಲ್ ಊಟ.”

“ಈ ವಯಸ್ಸಲ್ಲಿ ನನ್ನನ್ನ ಹುಡುಗಿ ಅಂತ ಯಾರಿಗೆ ತೋರಿಸ್ತೀಯ ಚಿಕ್ಕಮ್ಮ?”

“ಹುಡುಗಿ ಅಂತ ನಾನ್ಯಾಕೆ ಹೇಳ್ಲಿ ಮಾರಾಯ್ತಿ. ಅವರೇನು ಎಳೆ ಹುಡುಗನಾ? ಒಂದು ಫೋಟೋ ಕೊಡು ಸಾಕು.”

ಜಯಶೀಲಾ ಆಗಲ್ಲ ಎಂದಳು. ಬೆಳಿಗ್ಗೆ ಎಂದಳು, ಮಧ್ಯಾಹ್ನ ಎಂದಳು. ಚಿಕ್ಕಮ್ಮ ಬಸ್ಸು ಹತ್ತುವಾಗ ‘ನೋಡ್ತೀನಿ’ ಎಂದಳು. ಮನೆಗೆ ವಾಪಸ್ಸು ಬರುವ ದಾರಿಯಲ್ಲಿ ಮಲ್ಲಿಗೆ ಕೊಂಡಳು.

ತನ್ನ ಫೋಟೋ ತಾನೇ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ರಿಂಗು ಹಿಡಿಯುವವರಿಲ್ಲ, ಅದಕ್ಕೇ ಸ್ಟೂಲಿನ ಮೇಲೆ ಕುರ್ಚಿಯ ದಿಂಬು ನಿಲ್ಲಿಸಿ ಅದಕ್ಕೆ ಒರಗಿಸಿಟ್ಟಳು. ಚಿಕ್ಕಮ್ಮನ ಕೈಗೆ ಸಿಕ್ಕಿ ರಿಂಗಿನ ಬಟ್ಟೆಯೂ ಒಗೆದು ಬಂದಿತ್ತು, ಮೊದಲಿಗಿಂತ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಫೋಟೋ ತೆಗೆದು, ದಿಂಬು ಎತ್ತಿಟ್ಟು, ಟೈಮರ್ ಒತ್ತಿ ಓಡಿಬಂದು ಕೂತಳು. ಗಲ್ಲ ಎತ್ತು ಎನ್ನುವವರಿಲ್ಲ, ಭುಜ ಸಡಿಲ ಬಿಡು ಎನ್ನುವವರಿಲ್ಲ. ಎದುರಿಗೆ ಕ್ಯಾಮೆರಾದ ಕೆಂಪು ದೀಪ ಮಿಣುಕುತ್ತಿತ್ತು. ಅದರ ಹಿಂದೆ ಖಾಲಿ ಕೋಣೆ. ಎಲ್ಲಿ ನೋಡಬೇಕೆಂದು ತಿಳಿಯದೆ ಅದನ್ನೇ ನೋಡಿದಳು.

ಫೋಟೋ ಬಂದಾಗ ಅವಳು ಬಗ್ಗಿ ಕ್ಯಾಮೆರಾದ ಪರದೆ ನೋಡಿದಳು. ಬೆಳ್ಳಗೇನೂ ಕಂಡಿರಲಿಲ್ಲ. ಆದರೆ ಮುಖದ ತುಂಬ ಹೊಂಬಣ್ಣದ ಒಂದು ಕಳೆ ಇತ್ತು, ಅರಿಶಿನ ಹಚ್ಚಿ ಎರೆದುಕೊಂಡು ಎದ್ದ ಮದುವಣಗಿತ್ತಿಯ ಹಾಗೆ. ಇದು ನಾನೇನಾ ಎಂದುಕೊಂಡಳು. ಪೆನ್ಸಿಲ್ ತಾಗದ ಫೋಟೋ, ಅಪ್ಪನ ಪಂಚೆ ನೋಡಿಕೊಂಡು ಬಂದ ಬಣ್ಣ, ಸುಳ್ಳಿರಲು ಸಾಧ್ಯವೇ ಇಲ್ಲ. ಹಾಗಾದರೆ ಇಷ್ಟು ವರ್ಷ ಕನ್ನಡಿಯೇ ಸುಳ್ಳು ಹೇಳಿತ್ತೇನೋ. ಬೇರೆಯವರ ಫೋಟೋ ಆಗಿದ್ದರೆ ಅವಳ ಕಣ್ಣು ಮೊದಲು ಹಿಂದಿನ ಸುಣ್ಣದ ಗೋಡೆಗೆ ಹೋಗುತ್ತಿತ್ತು, ಆ ಗೋಡೆ ಬೆಣ್ಣೆಯ ಬಣ್ಣಕ್ಕೆ ತಿರುಗಿರುವುದು ಕಾಣುತ್ತಿತ್ತು. ಅವತ್ತು ಗೋಡೆಯನ್ನು ನೋಡುವ ಮನಸ್ಸು ಯಾರಿಗಿತ್ತು. ಶಿವಮೊಗ್ಗಕ್ಕೆ ಹೋಗಿ ಪ್ರಿಂಟು ಹಾಕಿಸಿ, ಹಾಗೇ ವಿನೋಬನಗರಕ್ಕೆ ನಡೆದು ಫೋಟೋವನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಬಂದಳು.

ಮೂರ್ನಾಲ್ಕು ದಿನಕ್ಕೆ ಚಿಕ್ಕಮ್ಮನ ಫೋನು ಬಂತು.

“ಫೋಟೋ ಕೊಟ್ಟೆ ಕಣೆ. ಸುಮಾರು ಹೊತ್ತು ಕೈಯಲ್ಲೇ ಹಿಡ್ಕೊಂಡು ಕೂತಿದ್ರು. ಕೆಳಗೇ ಇಡ್ಲಿಲ್ಲ. ಭಾನುವಾರ ಕರ್ಕೊಂಡು ಬರ್ತೀನಿ.”

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುವಾಗ ನೋಡಿದರೆ ಎರಡು ಲೋಟ ಹಾಕಿದ್ದಳು. ತನಗೆ ತಾನೇ ನಕ್ಕಳು, ಒಂದು ಲೋಟ ತೆಗೆಯಲು ಮಾತ್ರ ಕೈ ಬರಲಿಲ್ಲ. ರಾತ್ರಿಗೂ ಅದನ್ನೇ ಉಂಡಳು.

ಆ ಸಂತೋಷವನ್ನು ಹಾಳುಮಾಡಿದವನು ಭೂತಪ್ಪ. ಕಾರ್ಖಾನೆಯಿಂದ ನಿವೃತ್ತನಾದ ಮುದುಕ, ಪಿಂಚಣಿಯ ಕೆಲಸಕ್ಕೆಂದು ಆ ವಾರವೇ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಂಡು ಹೋಗಿದ್ದ. ತನ್ನದೇ ಗುಂಗಿನಲ್ಲಿದ್ದ ಅವಳು ಅದನ್ನು ಸರಿಯಾಗಿ ನೋಡದೆಯೇ ಕೊಟ್ಟಿದ್ದಳು. ಶುಕ್ರವಾರ ಅದನ್ನು ಹಿಡಿದು ವಾಪಸ್ಸು ಬಂದ.

“ಏನಮ್ಮ ಶೀಲಮ್ಮ, ನನಗೆ ಕಾಮಾಲೆ ಆಗಿದ್ಯಾ? ನಮ್ಮನೆಯವಳು ಫೋಟೋ ನೋಡಿ ನೆಲನೆಲ್ಲಿ ಕಷಾಯ ಕಾಸ್ತಾ ಕೂತಿದಾಳೆ.”

ಅವನ ಬಿಳಿ ಅಂಗಿ ಫೋಟೋದಲ್ಲಿ ಹಳದಿಯಾಗಿತ್ತು. ಕಣ್ಣಿನ ಬಿಳಿಯೂ ಹಳದಿ. ಜಯಶೀಲಾ ಅದನ್ನು ನೋಡಿದಳು, ತಲೆಯೆತ್ತಿ ಮೊಳೆಯ ಮೇಲಿನ ರಿಂಗನ್ನು ನೋಡಿದಳು. ಬೇರೆ ತೆಗೆದುಕೊಡುತ್ತೇನೆ, ಸೋಮವಾರ ಬನ್ನಿ ಎಂದು ಭೂತಪ್ಪನನ್ನು ಕಳಿಸಿ, ಬಟ್ಟೆಯನ್ನು ರಿಂಗಿನಿಂದ ಬಿಡಿಸಿ, ಸ್ಟೀಲಿನ ಬೋಗುಣಿಯ ನೀರಿಗೆ ಹಾಕಿ ಹಿಂಡಿದಳು. ನೀರು ತಿಳಿ ನೀಲಿಯಾಯಿತು.

ನೀಲಿ ಬಟ್ಟೆಯನ್ನು ತೋರಿಸಿ ಇದು ಬಿಳಿ ಎಂದಿದ್ದಳು. ಕ್ಯಾಮೆರಾ ಅವಳ ಮಾತನ್ನೇ ನಂಬಿ, ಆ ನೀಲಿಯನ್ನು ಕಳೆಯಲೆಂದು ಎಲ್ಲದಕ್ಕೂ ಹಳದಿ ಬೆರೆಸಿತ್ತು. ಆ ಹೊಂಬಣ್ಣ, ಆ ಮದುವಣಗಿತ್ತಿಯ ಕಳೆ, ಎಲ್ಲ ಎರಡು ತೊಟ್ಟು ನೀಲಿಯದು. ಬೋಗುಣಿಯ ಮುಂದೆಯೇ ಅವಳು ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅಪ್ಪನಾದರೂ ಗೊತ್ತಿದ್ದೂ ಸುಳ್ಳು ಬರೆದಿದ್ದ. ಅವಳು ತನ್ನನ್ನೇ ನಂಬಿಸಿಕೊಂಡು ಕಳಿಸಿದ್ದಳು. ಭಾನುವಾರ ಮತ್ತೆ ಅದೇ ಆಗುತ್ತದೆ. ಫೋಟೋ ಒಮ್ಮೆ ನೋಡುತ್ತಾರೆ, ಮುಖ ಒಮ್ಮೆ ನೋಡುತ್ತಾರೆ. ಇನ್ನೊಂದು ಸಲ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿದಳು.

“ಬಟ್ಟೆಗೆ ನೀಲಿ ಹಾಕಿದ್ಯಾ?”

“ಹೂಂ ಮತ್ತೆ. ಎಷ್ಟು ಮಂಕಾಗಿತ್ತು ಅದು. ನೀಲಿ ಹಾಕದೆ ಬಿಳಿ ಬಟ್ಟೆ ಯಾರು ಒಗೀತಾರೆ?”

ಜಯಶೀಲಾ ವಿಷಯ ಹೇಳಿದಳು. ಫೋಟೋ ತಪ್ಪಾಗಿದೆ, ಅವರಿಗೆ ಹೇಳು, ಇಲ್ಲವಾದರೆ ಬರುವುದೇ ಬೇಡ ಎನ್ನು.

“ನಿನಗೇನು ತಲೆ ಕೆಟ್ಟಿದ್ಯಾ? ಮುಖಕ್ಕೆ ಸ್ವಲ್ಪ ಅರಿಶಿನದ ಬಣ್ಣ ಬಂದ್ರೆ ಏನಾಯ್ತು, ಶುಭವೇ ಆಯ್ತು. ನಾನಂತೂ ಹೇಳಲ್ಲ.” ಚಿಕ್ಕಮ್ಮ ಫೋನ್ ಇಟ್ಟಳು. ಒಳ್ಳೆಯದು ಮಾಡಲು ಹೊರಟವರನ್ನು ತಡೆಯುವುದು ದೇವರಿಂದಲೂ ಆಗುವ ಕೆಲಸವಲ್ಲ.

ನೀರು ನೀರಾಗಿಯೇ ಉಳಿಯುವ ತನಕ ಜಯಶೀಲಾ ಆ ಬಟ್ಟೆಯನ್ನು ಜಾಲಿಸಿದಳು. ಶನಿವಾರ ಅದು ಒಣಗಿದ ಮೇಲೆ ರಿಂಗಿಗೆ ಬಿಗಿದು, ಮತ್ತೆ ದಿಂಬಿಗೆ ಒರಗಿಸಿ, ಮತ್ತೆ ಟೈಮರ್ ಒತ್ತಿ ಓಡಿ ಕೂತಳು. ಈ ಸಲ ಸುಣ್ಣದ ಗೋಡೆ ಸುಣ್ಣದ ಹಾಗೆಯೇ ಬಂತು. ಮುಖ ಅವಳ ಮುಖದ ಹಾಗೆ ಬಂತು, ಕಪ್ಪು, ಕಣ್ಣ ಕೆಳಗೆ ಇನ್ನಷ್ಟು ಕಪ್ಪು. ತನ್ನಲ್ಲಿದ್ದ ಪುಟ್ಟ ಪ್ರಿಂಟರಿನಲ್ಲೇ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ಬಾಯಿ ತೆರೆಯುವ ಮುಂಚೆಯೇ ಅದನ್ನು ಕೈಗೆ ಕೊಡುವುದೆಂದು ತೀರ್ಮಾನಿಸಿದಳು.

ಭಾನುವಾರ ಪಕ್ಕದ ಮನೆಯಿಂದ ಕುರ್ಚಿ ಎರವಲು ತಂದು ಸ್ಟುಡಿಯೋದಲ್ಲಿ ಸಾಲಾಗಿ ಹಾಕಿದಳು. ಕೇಸರಿಬಾತು ಮಾಡಲಿಲ್ಲ. ಅದರ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ. ಮಂಡಕ್ಕಿ ಒಗ್ಗರಣೆ ಹಾಕಿ, ಕಾಫಿಗೆ ಡಿಕಾಕ್ಷನ್ ಇಳಿಸಿ ಕಾದಳು. ಹನ್ನೊಂದರ ಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಸದ್ದಾಯಿತು. ಬಂದವನು ಒಬ್ಬನೇ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿಯ ತೋಳಿನಲ್ಲಿ ಎರಡೆರಡು ಗೆರೆ, ಹಣೆಯಲ್ಲಿ ಮಾಸಿದ ವಿಭೂತಿ. ಕೈಯಲ್ಲಿ ಕಂದು ಬಣ್ಣದ ಕವರು.

“ನಾನು ರೇಣುಕಾಪ್ರಸಾದ್.”

“ಕೂತ್ಕೊಳ್ಳಿ,” ಎಂದಳು ಜಯಶೀಲಾ. ಅವನು ಕೂರುವ ಮುಂಚೆಯೇ ಫೋಟೋ ಅವನ ಕೈಗಿಟ್ಟಳು. “ಇದು ನನ್ನ ಸರಿಯಾದ ಬಣ್ಣ. ನಿಮಗೆ ಬಂದಿದ್ದರಲ್ಲಿ ತಪ್ಪಾಗಿದೆ. ಬಟ್ಟೆಗೆ ನೀಲಿ ಬಿದ್ದಿತ್ತು, ನನಗೆ ಗೊತ್ತಿರ್ಲಿಲ್ಲ. ಮೋಸ ಮಾಡ್ಬೇಕು ಅಂತ ಕಳಿಸಿದ್ದಲ್ಲ.”

ಬಟ್ಟೆ ಯಾವುದು, ನೀಲಿ ಯಾಕೆ ಎಂದು ಆ ಮನುಷ್ಯನಿಗೆ ಏನು ತಿಳಿಯಬೇಕು. ಆದರೂ ಅವನು ಸಾಲು ಕುರ್ಚಿಗಳಲ್ಲಿ ಕೊನೆಯದರ ಮೇಲೆ ಕೂತು ಕವರಿನಿಂದ ಹಳೆಯ ಫೋಟೋ ತೆಗೆದು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ನೋಡಿದ.

“ಬಣ್ಣ ನಾನು ನೋಡ್ಲಿಲ್ಲ,” ಎಂದ ಅವನು. “ಇದನ್ನ ತೆಗೆಯುವಾಗ ಎದುರಿಗೆ ಯಾರೂ ಇರ್ಲಿಲ್ಲ, ಅಲ್ವಾ?”

“ಇಲ್ಲ. ಟೈಮರ್ ಇಟ್ಟು ತೆಗೆದಿದ್ದು.”

“ಹಾಗೇ ಅನ್ನಿಸ್ತು. ಎರಡರಲ್ಲೂ ಕಣ್ಣು ಹಾಗೇ ಇದೆ. ಮನೆಲಿ ಒಬ್ಬನೇ ಕೂತಾಗ ನನ್ನ ಮುಖಾನೂ ಹೀಗೇ ಇರುತ್ತೇನೋ ಅಂತ ನೋಡ್ತಾ ಇದ್ದೆ. ಅದಕ್ಕೇ ಅವತ್ತು ಕೆಳಗಿಡೋಕೆ ಆಗ್ಲಿಲ್ಲ.”

ಅವನು ಎರಡೂ ಫೋಟೋಗಳನ್ನು ಜೋಡಿಸಿ ಕವರಿಗೆ ಹಾಕಿದ. ಕವರನ್ನು ಮೇಜಿನ ಮೇಲಿಟ್ಟ.

“ನಾನು ಆಗಲ್ಲ ಅಂತ ಹೇಳೋಕೆ ಬಂದೆ. ಮಗಳು ಬಾಣಂತನಕ್ಕೆ ಬಂದಿದಾಳೆ. ವಿಷಯ ಎತ್ತಿದೆ. ಅಮ್ಮ ಮಲಗ್ತಿದ್ದ ಮಂಚ ಇನ್ನೂ ಹಾಗೇ ಇದೆ ಅಪ್ಪಾಜಿ ಅಂದ್ಳು. ಮಗು ಮುಂದಿಟ್ಕೊಂಡು ಅಳ್ತಾಳೆ, ಏನು ಮಾಡ್ಲಿ. ಫೋನಲ್ಲಿ ಹೇಳಿಬಿಡ್ತೀನಿ ಅಂತ ನಿಮ್ಮ ಚಿಕ್ಕಮ್ಮ ಅಂದ್ರು. ಬೇಡ, ನಾನೇ ಹೋಗಿ ಹೇಳ್ತೀನಿ ಅಂದೆ.”

ಜಯಶೀಲಾಳಿಗೆ ಮೊದಲು ಹೊಳೆದದ್ದು ಹಳೆಯ ಸಂಶಯವೇ. ಮುಖ ನೋಡಿದ ಮೇಲೆ ಮಗಳ ನೆಪ ಹುಡುಕಿದನೇನೋ. ಆಮೇಲೆ ಅವನ ಕೈ ನೋಡಿದಳು. ಹೆಣ್ಣು ನೋಡಲು ಯಾರೂ ಒಬ್ಬರೇ ಬರುವುದಿಲ್ಲ, ಬರಿಗೈಯಲ್ಲೂ ಬರುವುದಿಲ್ಲ. ಹಿರಿಯರಿಲ್ಲದೆ, ಹಣ್ಣುಹೂವಿಲ್ಲದೆ, ಅವಳ ಫೋಟೋ ಒಂದನ್ನೇ ಹಿಡಿದು ಮನೆ ಬಿಟ್ಟಾಗಲೇ ಅವನ ತೀರ್ಮಾನ ಆಗಿತ್ತು. ಅವಳ ಬಣ್ಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಹಾಗೆಂದು ನೋವಾಗಲಿಲ್ಲವೆಂದಲ್ಲ. ಎರಡು ಲೋಟ ಅಕ್ಕಿ ನೆನಪಾಯಿತು. ಆದರೆ ಈ ಸಲ ಒಬ್ಬ ಮನುಷ್ಯ ಎದುರಿಗೆ ಕೂತು ಒಲ್ಲೆನೆಂದು ಹೇಳಿದ್ದ.

ಮಂಡಕ್ಕಿ ಕೊಟ್ಟಳು, ಕಾಫಿ ಕೊಟ್ಟಳು. ಅವನು ಎರಡನ್ನೂ ಮುಗಿಸಿ, ಬರ್ತೀನಿ ಎಂದು ಎದ್ದ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅವಳಿಗೇ ಗೊತ್ತಿಲ್ಲದಂತೆ ಮಾತು ಹೊರಬಿತ್ತು.

“ಒಂದು ಉಪಕಾರ ಮಾಡ್ತೀರಾ? ನಂದೊಂದು ಫೋಟೋ ತೆಗೀಬೇಕು.”

“ನನಗೆ ಬರಲ್ಲಮ್ಮ.”

“ನಾನು ಹೇಳಿಕೊಡ್ತೀನಿ.”

ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಹಿಂದೆ ಅವನನ್ನು ನಿಲ್ಲಿಸಿ, ಯಾವುದನ್ನು ಒತ್ತಬೇಕೆಂದು ತೋರಿಸಿದಳು. ತಾನು ಸ್ಟೂಲಿನ ಮೇಲೆ ಕೂತು ರಿಂಗನ್ನು ಮುಖದ ಮುಂದೆ ಹಿಡಿದಳು.

“ಮೊದಲು ಈ ಬಟ್ಟೆದು ತೆಗೀರಿ.”

ಅಪ್ಪನ ಪಂಚೆಯ ಹಿಂದೆ ಅವಳಿಗೆ ಬರೀ ಬಿಳಿ ಕಾಣುತ್ತಿತ್ತು. ಆಚೆ ಒಬ್ಬರು ಉಸಿರಾಡುವುದು ಕೇಳಿಸುತ್ತಿತ್ತು. ಅಳು ಬಂತು, ಬಟ್ಟೆಯ ಮರೆಯಲ್ಲೇ ನುಂಗಿಕೊಂಡಳು. ಕ್ಲಿಕ್ ಎಂದಿತು. ಎದ್ದು ಹೋಗಿ ಕ್ಯಾಮೆರಾಕ್ಕೆ ಇದು ಬಿಳಿ ಎಂದು ಒಪ್ಪಿಸಿ, ಮತ್ತೆ ಬಂದು ಕೂತು ಕೈ ಮಡಿಚಿಟ್ಟುಕೊಂಡಳು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದ, ತಲೆಯೆತ್ತಿ ಅವಳನ್ನೇ ನೋಡಿದ.

“ಗಲ್ಲ ಸ್ವಲ್ಪ ಎತ್ತಿ,” ಎಂದ. “ಹಾಂ. ಇಲ್ಲಿ, ನನ್ನ ಕಡೆ ನೋಡಿ.”

ಅವನು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಮತ್ತೆ ಬರಲಿಲ್ಲ, ಬರುತ್ತೇನೆಂದು ಹೇಳಿಯೂ ಇರಲಿಲ್ಲ. ಜಯಶೀಲಾ ಕುರ್ಚಿಗಳನ್ನು ಪಕ್ಕದ ಮನೆಗೆ ವಾಪಸ್ಸು ಕೊಟ್ಟು, ಒಂದು ಲೋಟ ಅಕ್ಕಿ ತೊಳೆದಿಟ್ಟಳು.

ಸೋಮವಾರ ಭೂತಪ್ಪ ತನ್ನ ಹೊಸ ಫೋಟೋ ತೆಗೆಸಿಕೊಳ್ಳಲು ಬಂದ. ಒಳಗೆ ಬರುವವನು ಶೋಕೇಸಿನ ಗಾಜಿನ ಮುಂದೆ ನಿಂತುಬಿಟ್ಟ. ಬೇರೆಯವರ ಹೆಣ್ಣುಮಕ್ಕಳ ಸಾಲಿನ ಕೊನೆಯಲ್ಲಿ ಹೊಸದೊಂದು ಫೋಟೋ ಇತ್ತು. ಅದು ಒಂದು ಪಕ್ಕಕ್ಕೆ ವಾಲಿತ್ತು, ತುದಿಯಲ್ಲಿ ಸ್ವಲ್ಪ ಅಲುಗಿಯೂ ಇತ್ತು. ಸುಣ್ಣದ ಗೋಡೆಯ ಮುಂದೆ ಕಪ್ಪು ಹೆಂಗಸು, ಒದ್ದೆ ಕಣ್ಣು, ಆ ಕಣ್ಣು ಯಾರನ್ನೋ ನೋಡುತ್ತಿತ್ತು.

“ಇದು ನೀನೇ ಅಲ್ವೇನಮ್ಮ? ಯಾರು ತೆಗೆದಿದ್ದು?”

ಜಯಶೀಲಾ ಮೊಳೆಯಿಂದ ರಿಂಗು ತೆಗೆದು ಅವನ ಕೈಗೆ ಕೊಟ್ಟಳು.

“ಒಬ್ರು ಬಂದಿದ್ರು,” ಎಂದಳು.